ದಿನಸಿ ಅಂಗಡಿಗೆ ಆಷಾಢವಿಲ್ಲ

ಬಡಾವಣೆಯ ದಿನಸಿ ಅಂಗಡಿಯ ವ್ಯಾಪಾರ ಹೆಚ್ಚುಕಡಿಮೆ ಕಾಲ್ನಡಿಗೆಯ ಅಳತೆಯೊಳಗೇ ನಡೆಯುತ್ತದೆ. ಸುತ್ತಲಿನ ನಾಲ್ಕೈದು ಬೀದಿಗಳ ಮನೆಯವರೇ ಅದರ ಗಿರಾಕಿಗಳು. ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಗಲ್ಲಾದಲ್ಲಿ ಕೂರುವವರ ಸ್ವಭಾವ ಎಂಥದು ಎಂಬುದೆಲ್ಲ ಅವರಿಗೆ ಗೊತ್ತು. ಹೀಗಿರುವಾಗ ಹೊಸ ಗಿರಾಕಿಗಳನ್ನು ಸೆಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅಷ್ಟೇನೂ ತೂಕವಿಲ್ಲ. ದಿನವೂ ಅಂಗಡಿಯ ಮುಂದೆ ಓಡಾಡುವ ಮನೆಯವರು ತಿಂಗಳ ಸಾಮಾನಿನಲ್ಲಿ ಎಷ್ಟನ್ನು ಇಲ್ಲಿ ಕೊಳ್ಳುತ್ತಾರೆ, ಎಷ್ಟನ್ನು ಬೇರೆ ಕಡೆಯಿಂದ ತರುತ್ತಾರೆ ಎಂಬುದರ ಮೇಲೆ ವ್ಯಾಪಾರ ಏರುತ್ತದೆ, ಇಳಿಯುತ್ತದೆ.

ವ್ಯಾಪಾರ ಇಳಿದಾಗ ಬರುವ ಮೊದಲ ಸಲಹೆ ರಿಯಾಯಿತಿ ಕೊಡಿ ಎಂಬುದು. ಲೆಕ್ಕ ಹಾಕಿದರೆ ಇದರ ಬಂಡವಾಳ ಬಯಲಾಗುತ್ತದೆ. ಪ್ಯಾಕೆಟ್ ಸರಕಿನಲ್ಲಿ ಚಿಲ್ಲರೆ ಅಂಗಡಿಗೆ ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸು. 90 ರೂಪಾಯಿ ಅಸಲಿನ ವಸ್ತುವನ್ನು 100ಕ್ಕೆ ಮಾರುವ ಬದಲು 95ಕ್ಕೆ ಕೊಟ್ಟರೆ ಲಾಭ ಅರ್ಧಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಲಾಭ ಉಳಿಯಬೇಕಾದರೆ ಸರಕು ಎರಡರಷ್ಟು ಹೋಗಬೇಕು. ಬೇಳೆ ಐದು ರೂಪಾಯಿ ಅಗ್ಗವಾಯಿತೆಂದು ಯಾವ ಮನೆಯಲ್ಲೂ ಎರಡು ಪಾತ್ರೆ ಸಾರು ಮಾಡುವುದಿಲ್ಲ.

ರಿಯಾಯಿತಿಯ ಮಾತು ಎತ್ತುವವರು ತೋರಿಸುವುದು ಬಟ್ಟೆ ಅಂಗಡಿಗಳ ಆಷಾಢ ಮಾರಾಟವನ್ನು. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶವಿಲ್ಲ; ಸೀರೆಯಂಗಡಿಗಳು ಭಣಗುಡುತ್ತವೆ. ಆದರೆ ಕೊಳ್ಳುವ ಆಸೆ ಸತ್ತಿರುವುದಿಲ್ಲ. ಮುಂದೆಯೇ ಶ್ರಾವಣ, ವರಮಹಾಲಕ್ಷ್ಮಿ, ಗೌರಿ-ಗಣೇಶ. ಬೆಲೆ ಇಳಿದರೆ ಶ್ರಾವಣದ ಸೀರೆಯನ್ನು ಆಷಾಢದಲ್ಲೇ ತೆಗೆದಿಡಬಹುದು. ಸೀರೆಯಲ್ಲಿ ಉಳಿಯುವ ಲಾಭದ ಪಾಲೂ ದೊಡ್ಡದು. ನೂರಕ್ಕೆ ಇಪ್ಪತ್ತು ಬಿಟ್ಟುಕೊಟ್ಟರೂ ಅಂಗಡಿಗೆ ನಷ್ಟವಾಗುವುದಿಲ್ಲ. ಅಲ್ಲದೆ ಬಣ್ಣ, ಅಂಚು, ವಿನ್ಯಾಸ ವರ್ಷ ವರ್ಷ ಹಳತಾಗುತ್ತವೆ. ಹೋಗದೆ ಉಳಿದ ಸೀರೆ ಎಂದರೆ ಬೀರುವಿನಲ್ಲಿ ಮಡಚಿಟ್ಟ ಬಂಡವಾಳ. ಅದನ್ನು ಕಡಿಮೆ ಬೆಲೆಗಾದರೂ ಬಿಡಿಸಿಕೊಳ್ಳುವುದು ಜಾಣತನ. ಇದರಲ್ಲಿ ಒಂದು ಕಾರಣವೂ ದಿನಸಿಗೆ ಹೊಂದುವುದಿಲ್ಲ. ಅಕ್ಕಿಗೆ ಮುಹೂರ್ತವಿಲ್ಲ, ಉಪ್ಪಿಗೆ ಹೊಸ ವಿನ್ಯಾಸವಿಲ್ಲ. ಅವಧಿ ಮುಗಿಯಲು ಬಂದ ಬಿಸ್ಕತ್ತು, ಹಬ್ಬ ಕಳೆದ ಮೇಲೂ ಉಳಿದ ಸಕ್ಕರೆ ಅಚ್ಚು, ಇವುಗಳಿಗೆ ಮಾತ್ರ ಸೀರೆಯ ನ್ಯಾಯ ಸಲ್ಲುತ್ತದೆ.

ದೊಡ್ಡ ಮಳಿಗೆಗಳು ದಿನಸಿಯನ್ನೇ ಅಗ್ಗಕ್ಕೆ ಮಾರುತ್ತವಲ್ಲ ಎಂಬ ಪ್ರಶ್ನೆ ಸಹಜ. 2002ರಲ್ಲಿ ಮುಂಬೈಯಲ್ಲಿ ಆರಂಭವಾದ ಡಿ-ಮಾರ್ಟ್ ಹೆಚ್ಚಿನ ಮಳಿಗೆಗಳನ್ನು ಸ್ವಂತ ಕಟ್ಟಡದಲ್ಲೇ ನಡೆಸುತ್ತದೆ. ಸರಕು ಕೊಟ್ಟವರಿಗೆ ಬೇಗನೆ ಹಣ ಪಾವತಿಸಿ, ಅದಕ್ಕೆ ಬದಲಾಗಿ ಕಡಿಮೆ ದರ ಪಡೆಯುತ್ತದೆ. ಅಲ್ಲಿ ಅಗ್ಗ ಹುಟ್ಟುವುದು ಕೊಳ್ಳುವ ಕಡೆಯಲ್ಲಿ. ಬರೀ ಮಾರುವ ಕಡೆ ಬೆಲೆ ಇಳಿಸಿ ಜಾತ್ರೆ ಸೇರಿಸಿದರೆ ಸಾಲದು ಎಂಬುದಕ್ಕೆ ಬಿಗ್ ಬಜಾರ್ ಉದಾಹರಣೆ. 2001ರಲ್ಲಿ ಆರಂಭವಾಗಿ ಗಣರಾಜ್ಯೋತ್ಸವದ ರಿಯಾಯಿತಿಗೆ ಜನಸಾಗರವನ್ನೇ ಕರೆಸುತ್ತಿದ್ದ ಆ ಮಳಿಗೆಗಳು 2022ರಲ್ಲಿ ಸಾಲದ ಹೊರೆಯಲ್ಲಿ ಬಾಗಿಲು ಹಾಕಿದವು.

ಸಣ್ಣ ಅಂಗಡಿಯ ಮಾರಾಟ ನಿಜವಾಗಿ ಸೋರುವುದು ‘ಇಲ್ಲ’ ಎಂಬ ಉತ್ತರದಲ್ಲಿ. ಜೀರಿಗೆ ಇಲ್ಲವೆನಿಸಿಕೊಂಡ ಗಿರಾಕಿ ಜೀರಿಗೆಯೊಂದನ್ನೇ ಬೇರೆಡೆ ಕೊಳ್ಳುವುದಿಲ್ಲ. ಇಡೀ ಚೀಟಿ ಆ ಕಡೆ ಹೋಗುತ್ತದೆ. ಕೇಳಿ ಸಿಗದ ಸಾಮಾನನ್ನು ಆಗಲೇ ಬರೆದಿಟ್ಟು ಮರುದಿನ ತರಿಸುವ ಅಂಗಡಿಗೆ ಬೇರೆ ಮಾರುಕಟ್ಟೆ ಸಮೀಕ್ಷೆ ಬೇಕಾಗುವುದಿಲ್ಲ. ಗಿರಾಕಿಯನ್ನು ಉಳಿಸಿಕೊಳ್ಳುವ ಎರಡನೆಯ ದಾರಿ ಚಿಲ್ಲರೆ ಅಳತೆ. ಕಾಲು ಕೇಜಿ ಬೆಲ್ಲ, ಹತ್ತು ರೂಪಾಯಿಯ ಸಾಸಿವೆ ಪೊಟ್ಟಣ, ಒಂದು ಸ್ಯಾಷೆ ಶಾಂಪೂ ಕೊಡುವ ತಾಳ್ಮೆ ದೊಡ್ಡ ಮಳಿಗೆಗಿಲ್ಲ. ದಿನಗೂಲಿಯ ಮನೆ ತಿಂಗಳ ಸಾಮಾನನ್ನು ಒಟ್ಟಿಗೆ ಕೊಳ್ಳಲಾರದು, ಆದರೆ ದಿನವೂ ಬರುತ್ತದೆ. ತೂಕ ಮುಗಿದ ಮೇಲೆ ಹಾಕುವ ಒಂದು ಹಿಡಿ ಕೊಸರು ಕೂಡ ನೂರಕ್ಕೆ ಐದರ ರಿಯಾಯಿತಿಗಿಂತ ಅಗ್ಗ, ಮತ್ತು ಗಿರಾಕಿಗೆ ಅದು ಕಣ್ಣಿಗೆ ಕಾಣುತ್ತದೆ.

ಮೂರನೆಯದು ಉದ್ದರಿ. ಇದರ ವಿರುದ್ಧದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1,000 ರೂಪಾಯಿ ಸಾಮಾನಿನ ಹಣ ಮುಳುಗಿದರೆ ಅಸಲು 900 ಹೋಯಿತು. ಅದನ್ನು ತುಂಬಿಕೊಳ್ಳಲು 9,000 ರೂಪಾಯಿಯ ವ್ಯಾಪಾರ ಆಗಬೇಕು. ಉದ್ದರಿ ಪುಸ್ತಕದ ಭಾರಕ್ಕೇ ಮುಚ್ಚಿಹೋದ ಅಂಗಡಿಗಳು ಊರೂರಲ್ಲೂ ಇವೆ. ‘ಇಂದು ನಗದು, ನಾಳೆ ಉದ್ದರಿ’ ಎಂಬ ಫಲಕ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಸಂಬಳದ ದಿನ ಲೆಕ್ಕ ಚುಕ್ತಾ ಮಾಡುವ ಮನೆಗಳಿಗೆ, ಮನೆಗಿಷ್ಟು ಎಂದು ಮಿತಿ ಹಾಕಿ ಕೊಡುವ ಉದ್ದರಿ ಇಡೀ ತಿಂಗಳ ಖರೀದಿಯನ್ನು ಒಂದೇ ಅಂಗಡಿಗೆ ಕಟ್ಟಿಹಾಕುತ್ತದೆ. ಮಿತಿ ಹಾಕುವುದು ಸಂಕೋಚದ ಕೆಲಸ. ಆ ಸಂಕೋಚ ಮೀರಲಾಗದವರು ಫಲಕ ತೂಗುಹಾಕುವುದೇ ಕ್ಷೇಮ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಬೀದಿಯ ಅಂಗಡಿಯ ಪರಿಚಯವೆಂಬುದು ಎಲ್ಲರಿಗೂ ಹಿತವಾದದ್ದಲ್ಲ. ಜಾತಿ ನೋಡಿ ಗಿರಾಕಿಯನ್ನು ದೂರ ನಿಲ್ಲಿಸಿ, ಸಾಮಾನನ್ನು ಮೇಲಿಂದ ಹಾಕುತ್ತಿದ್ದ ಅಂಗಡಿಗಳು ಹಳ್ಳಿಗಳಲ್ಲಿದ್ದವು. ಆ ನಡವಳಿಕೆ ಪೂರ್ತಿ ಅಳಿದಿಲ್ಲ. ಸ್ಯಾನಿಟರಿ ಪ್ಯಾಡ್ ಕೇಳಲು ಹೆಣ್ಣುಮಕ್ಕಳು ಅಂಗಡಿ ಖಾಲಿಯಾಗುವ ತನಕ ಕಾಯುವುದು ಇಂದಿಗೂ ಉಂಟು. ಯಾರ ಮುಖವನ್ನೂ ನೋಡದೆ ಬುಟ್ಟಿ ತುಂಬಿಸಿಕೊಳ್ಳುವ ಮಳಿಗೆ ಇಂಥವರಿಗೆ ಬಿಡುಗಡೆಯಾಗಿ ಕಂಡರೆ ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಗಿರಾಕಿಗಳು ಎಲ್ಲಿ ಹೋದರೆಂದು ಕೇಳುವ ಅಂಗಡಿಯವರು ಮೊದಲು ಗಲ್ಲಾದಲ್ಲಿ ಕೂತವರ ನಾಲಿಗೆಯನ್ನೂ ಕಣ್ಣನ್ನೂ ಪರೀಕ್ಷಿಸಬೇಕು. ಮರ್ಯಾದೆ ಸಿಗದ ಕಡೆ ಕೊಸರು ಹಾಕಿದರೂ ಜನ ನಿಲ್ಲುವುದಿಲ್ಲ.

ಹಣ ಪಾವತಿಯ ಅನುಕೂಲ ಹೊಸ ಗಿರಾಕಿಯನ್ನು ತರುವುದಿಲ್ಲ, ಆದರೆ ಅದು ತಪ್ಪಿದರೆ ಇದ್ದವರು ಹೋಗುತ್ತಾರೆ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ಕೊಡಬೇಕಾಯಿತು. ಆ ಗದ್ದಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಅಂಕಿ 40 ಲಕ್ಷ. ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ವಾರ್ಷಿಕ ವಹಿವಾಟಿನ ಗಡಿ ಅದು. ಕೇಳಲು ದೊಡ್ಡದಾದ ಈ ಮೊತ್ತವನ್ನು ದಿನಕ್ಕೆ ಹಂಚಿದರೆ ಬರುವುದು ಸುಮಾರು 11,000 ರೂಪಾಯಿ ವ್ಯಾಪಾರ, ನೂರಕ್ಕೆ ಹತ್ತರಂತೆ 1,100 ರೂಪಾಯಿ ಲಾಭ. ಬಾಡಿಗೆ, ಕರೆಂಟು, ಕೆಲಸದ ಹುಡುಗನ ಸಂಬಳ ಎಲ್ಲ ಇದರಲ್ಲೇ ಆಗಬೇಕು. ನೂರಕ್ಕೆ ಐದರ ರಿಯಾಯಿತಿ ಕೊಟ್ಟರೆ ಹೋಗುವುದು ಇದರಲ್ಲಿನ 550.