ಬಾಗಿಲಲ್ಲಿ ಸಿಕ್ಕಿಕೊಂಡ ಪ್ರೋಟೀನ್

ಕಾಲರಾ ಬಂದವರ ಮೈಯಿಂದ ಒಂದೇ ದಿನದಲ್ಲಿ 10 ಲೀಟರಿಗೂ ಹೆಚ್ಚು ನೀರು ಹೋಗಬಹುದು. ಆದರೆ ಆ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕೊರೆದು ಒಳನುಗ್ಗುವುದಿಲ್ಲ. ಹಾಗಾದರೆ ಇಷ್ಟು ಹಾನಿ ಹೇಗೆ? 1959ರಲ್ಲಿ ಕಲ್ಕತ್ತದ ಶಂಭುನಾಥ ದೇ ಇದಕ್ಕೆ ಉತ್ತರ ಕೊಟ್ಟರು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಒಂದು ಕೋಶವೂ ಉಳಿಯದಂತೆ ಸೋಸಿ, ದಾರದಿಂದ ಎರಡೂ ಕಡೆ ಕಟ್ಟಿದ ಮೊಲದ ಕರುಳಿನ ತುಂಡಿಗೆ ಸೂಜಿಯಿಂದ ಹಾಕಿದರು. ಕರುಳು ನೀರು ತುಂಬಿ ಉಬ್ಬಿತು. ಅಂದರೆ ಬ್ಯಾಕ್ಟೀರಿಯಾ ಒಂದು ವಿಷವನ್ನು ತಯಾರಿಸಿ ಹೊರಗೆ ಬಿಡುತ್ತದೆ. ದಾರ, ಸೂಜಿ, ಸೋಸುವ ಸಾಧನ, ಒಂದು ಮೊಲ: ಮುಖ್ಯ ಸಲಕರಣೆ ಇಷ್ಟೇ.

ಆ ವಿಷ ಒಂದು ಪ್ರೋಟೀನ್. ಅಷ್ಟು ದೊಡ್ಡ ಅಣು ಕೊಬ್ಬಿನ ಪೊರೆಯನ್ನು ದಾಟಿ ಹೊರಬರುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಗುಂಟರ್ ಬ್ಲೋಬೆಲ್, ಹೊರಹೋಗಬೇಕಾದ ಪ್ರೋಟೀನಿನ ತುದಿಯಲ್ಲೇ ಅದರ ವಿಳಾಸ ಇರುತ್ತದೆ ಎಂದು ವಾದಿಸಿ, ನಾಯಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಪೊರೆಗಳನ್ನು ಬಳಸಿ ಪ್ರನಾಳದಲ್ಲಿ ತೋರಿಸಿದರು. 1999ರ ನೊಬೆಲ್ ಅವರೊಬ್ಬರಿಗೇ ಬಂತು. ಅದು ನ್ಯಾಯವಾದದ್ದೇ. ಆದರೆ ಪಠ್ಯಪುಸ್ತಕಗಳು ಕತೆಯನ್ನು ಸಾಮಾನ್ಯವಾಗಿ ಅಲ್ಲಿಗೇ ಮುಗಿಸುತ್ತವೆ. ಅದೇ ಹೊತ್ತಿಗೆ ಬ್ಯಾಕ್ಟೀರಿಯಾದ ತಟ್ಟೆಗಳ ಮುಂದೆ ಕೂತವರು ಕಂಡದ್ದು ಅದಕ್ಕಿಂತ ಕಡಿಮೆಯದಲ್ಲ, ಮತ್ತು ಭಾರತದ ವಿದ್ಯಾರ್ಥಿಗಳಿಗೆ ಹೆಚ್ಚು ಬೇಕಾದ ಪಾಠ ಅದೇ.

ಹಾರ್ವರ್ಡ್ ವೈದ್ಯಕೀಯ ಶಾಲೆಯ ಜಾನ್ ಬೆಕ್‌ವಿತ್ ಮತ್ತು ಸಂಗಡಿಗರು ಈ.ಕೋಲೈ ಬ್ಯಾಕ್ಟೀರಿಯಾದ ಎರಡು ಜೀನ್‌ಗಳನ್ನು ಬೆಸೆದರು. ಒಂದು, ಮಾಲ್ಟೋಸ್ ಸಕ್ಕರೆ ಸಿಕ್ಕಾಗ ತಯಾರಾಗಿ ಒಳಪೊರೆಯಾಚೆ ಹೋಗುವ ಪ್ರೋಟೀನಿನದು. ಅದರ ಮುಂಭಾಗದಲ್ಲಿ ವಿಳಾಸವಿದೆ. ಇನ್ನೊಂದು, ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ, ಸದಾ ಕೋಶದ ಒಳಗೇ ಇರುವ ದೊಡ್ಡ ಎಂಜೈಮಿನದು. ಬೆಸೆದು ಹುಟ್ಟಿದ ಪ್ರೋಟೀನಿಗೆ ಹೊರಗಿನ ವಿಳಾಸ, ಆದರೆ ದಾಟಲಾಗದ ಮೈ. ಅದು ಬಾಗಿಲವರೆಗೆ ಹೋಗಿ ಸಿಕ್ಕಿಕೊಂಡಿತು. ವಿರಾರ್ ಲೋಕಲ್‌ನ ಬಾಗಿಲಿಗೆ ಯಾರೋ ಬೀರುವನ್ನು ಅಡ್ಡ ತುರುಕಿದ ಹಾಗೆ, ಹಿಂದಿದ್ದ ಪ್ರೋಟೀನ್‌ಗಳೆಲ್ಲ ಒಳಗೇ ನಿಂತವು. ಮಾಲ್ಟೋಸ್ ಹಾಕಿದ ತಟ್ಟೆಯ ಮೇಲೆ ಕೋಶಗಳು ಸತ್ತವು.

ಎಲ್ಲವೂ ಸಾಯಲಿಲ್ಲ. ಕೋಟಿಗಟ್ಟಲೆ ಕೋಶಗಳಲ್ಲಿ ಕೆಲವೇ ಕೆಲವು ಬದುಕಿದವು. ಅವುಗಳ ಜೀನ್ ಪರೀಕ್ಷಿಸಿದರೆ ಹಲವುದರಲ್ಲಿ ವಿಳಾಸದ ಭಾಗವೇ ಕೆಟ್ಟಿತ್ತು. ಪ್ರೋಟೀನ್ ಬಾಗಿಲ ಹತ್ತಿರ ಹೋಗಲೇ ಇಲ್ಲ, ಬಾಗಿಲು ಕಟ್ಟಲಿಲ್ಲ, ಕೋಶ ಉಳಿಯಿತು. ಜೀವಂತ ಕೋಶದಲ್ಲೂ ವಿಳಾಸ ನಿಜವಾಗಿ ಬೇಕು ಎಂಬುದಕ್ಕೆ ಅದೇ ಸಾಕ್ಷಿ.

ಮುಂದಿನ ಉಪಾಯ ಇನ್ನೂ ಚುರುಕು. ಪೊರೆಯಲ್ಲಿ ಸಿಕ್ಕಿಕೊಂಡ ಎಂಜೈಮ್ ಕೆಲಸ ಮಾಡದು; ಒಳಗೇ ಉಳಿದರೆ ಮಾಡುತ್ತದೆ. ಹಾಗಾಗಿ ಲ್ಯಾಕ್ಟೋಸ್ ತಿಂದು ಬೆಳೆಯುವ ಕೋಶಗಳನ್ನು ಹುಡುಕಿದರೆ, ಸಾಗಿಸುವ ಯಂತ್ರವೇ ಕೆಟ್ಟ ಕೋಶಗಳೂ ಸಿಗಬೇಕು. 1981ರಲ್ಲಿ ಡೊನಾಲ್ಡ್ ಆಲಿವರ್ ಮತ್ತು ಬೆಕ್‌ವಿತ್ ಹೀಗೆ ಸೆಕ್‌ಎ ಎಂಬ ಜೀನನ್ನು ಹಿಡಿದರು. ಆ ಜೀನ್ ಪೂರ್ತಿ ಕೆಟ್ಟರೆ ಕೋಶವೇ ಇರದು. ಆದ್ದರಿಂದ 30 ಡಿಗ್ರಿಯಲ್ಲಿ ಬದುಕಿ 42 ಡಿಗ್ರಿಯಲ್ಲಿ ಸಾಯುವ ರೂಪಾಂತರಿಗಳನ್ನು ಆರಿಸಿಕೊಂಡರು. ಅದೇ ವರ್ಷ ಸ್ಕಾಟ್ ಎಮರ್, ಟಾಮ್ ಸಿಲ್ಹೇವಿ ಮತ್ತು ಸಂಗಡಿಗರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ವಿಳಾಸ ಕೆಟ್ಟಿದ್ದರೂ ಪ್ರೋಟೀನನ್ನು ದಾಟಿಸುವ ಕೋಶ ಉಂಟೇ? ಉಂಟು ಎಂದಾಯಿತು. ಅಲ್ಲಿ ಬದಲಾಗಿದ್ದದ್ದು ಬಾಗಿಲು. ಈಗ ಸೆಕ್‌ವೈ ಎನ್ನುವ ಆ ಬಾಗಿಲಿನ ಹತ್ತಿರದ ನೆಂಟನೇ ಮನುಷ್ಯರ ಕೋಶಗಳಲ್ಲೂ ಇದೆ. ಇನ್ಸುಲಿನ್ ತನ್ನ ಪ್ರಯಾಣ ಆರಂಭಿಸುವುದು ಅದೇ ಬಗೆಯ ಬಾಗಿಲಿನಿಂದ. ಕಾಲರಾ ವಿಷದ ತುಂಡುಗಳೂ ಮೊದಲು ಈ ಬಾಗಿಲನ್ನೇ ದಾಟುತ್ತವೆ. ಆಮೇಲೆ ಹೊರಪೊರೆಗೆ ಬೇರೆಯದೇ ವ್ಯವಸ್ಥೆ ಇದೆ.

ಇಲ್ಲಿ ಗಮನಿಸಬೇಕಾದದ್ದು ಖರ್ಚು. ಜೀನ್‌ನ ಅಕ್ಷರಗಳನ್ನು ಓದುವುದಕ್ಕೆ ಸಲಕರಣೆ ಬೇಕಿತ್ತು, ನಿಜ. ಆದರೆ ಹುಡುಕಾಟ ನಡೆದದ್ದು ತಟ್ಟೆ, ಸಕ್ಕರೆ, ಬಣ್ಣ, ಬಿಸಿಪೆಟ್ಟಿಗೆಗಳಿಂದ. ಕೋಟಿಯಲ್ಲಿ ಒಂದನ್ನು ಆರಿಸುವ ಕೆಲಸವನ್ನು ಸಾವೇ ಮಾಡಿಕೊಟ್ಟಿತು. ಯಾವ ತಟ್ಟೆಯಲ್ಲಿ ಯಾವುದು ಸಾಯಬೇಕು ಎಂದು ಯೋಚಿಸುವುದಷ್ಟೇ ಮನುಷ್ಯರ ಪಾಲಿಗಿತ್ತು.

ಯಂತ್ರ ಬೇಡ ಎಂದು ಇದರ ಅರ್ಥವಲ್ಲ. 2004ರಲ್ಲಿ ಎಕ್ಸ್-ರೇ ವಿಧಾನದಿಂದ ಆ ಬಾಗಿಲಿನ ಆಕಾರ ಕಂಡಾಗಲೇ ಅದರೊಳಗೆ ಒಂದು ಬಿರಡೆಯಂಥ ಭಾಗವಿದೆ ಎಂದು ತಿಳಿದದ್ದು. ತಟ್ಟೆ ಅದನ್ನು ಎಂದಿಗೂ ತೋರಿಸುತ್ತಿರಲಿಲ್ಲ. ಆದರೆ ಯಾವ ಪ್ರೋಟೀನನ್ನು ನೋಡಬೇಕು ಎಂದು ಬೆರಳು ತೋರಿಸಿದ್ದರಲ್ಲಿ ತಟ್ಟೆಗಳ ಪಾಲು ದೊಡ್ಡದು.

ನಮ್ಮ ಕಾಲೇಜುಗಳಲ್ಲಿ ಬಯೋಟೆಕ್ನಾಲಜಿ ಓದುವ ಮಕ್ಕಳು ಸೆಕ್‌ಎ, ಸೆಕ್‌ಬಿ, ಸೆಕ್‌ವೈ ಎಂದು ಪಟ್ಟಿ ಉರುಹೊಡೆಯುತ್ತಾರೆ. ಪ್ರಯೋಗದ ದಿನ ಕಿಟ್ ತೆರೆದು, ಹಾಳೆಯಲ್ಲಿ ಬರೆದ ಕ್ರಮದಲ್ಲಿ ದ್ರವ ಬೆರೆಸಿ, ಮೊದಲೇ ಗೊತ್ತಿದ್ದ ಫಲಿತಾಂಶ ಬರೆದು ಬರುತ್ತಾರೆ. ದುಬಾರಿ ಯಂತ್ರ ಇಲ್ಲದ್ದೇ ಕೊರತೆ ಎಂದು ಕಾಲೇಜು ಹೇಳುತ್ತದೆ. ಅದೇ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ರೂಪಾಂತರಿಗಳ ಬೇಟೆಗೆ ಬಿಟ್ಟುಕೊಟ್ಟರೆ ಕಿಟ್‌ಗಿಂತ ಹೆಚ್ಚು ಖರ್ಚಾಗಬೇಕಿಲ್ಲ. ಬೆಳಿಗ್ಗೆ ಬಂದು ತಟ್ಟೆಯ ಮುಚ್ಚಳ ತೆಗೆದಾಗ ಒಂದು ಚುಕ್ಕೆ ಬೆಳೆದಿದ್ದರೆ, ಇದು ಯಾಕೆ ಸಾಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಯಾವ ಹಾಳೆಯಲ್ಲೂ ಇರುವುದಿಲ್ಲ. ವಿದ್ಯಾರ್ಥಿಯೇ ಯೋಚಿಸಬೇಕು. ಮೇಷ್ಟರಿಗೂ ಗೊತ್ತಿರಲಿಕ್ಕಿಲ್ಲ, ಬಹುಶಃ ಕಾಲೇಜುಗಳಿಗೆ ಅಂಜಿಕೆ ಇರುವುದು ಅಲ್ಲೇ.

ಶಂಭುನಾಥ ದೇ 1985ರಲ್ಲಿ ತೀರಿಕೊಂಡರು. ಅಷ್ಟರವರೆಗೂ ದೇಶದ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ ಆಗಿ ಆರಿಸಲಿಲ್ಲ. ದಾರ ಮತ್ತು ಸೂಜಿಯಿಂದ ಕೇಳಿದ ಪ್ರಶ್ನೆಯ ಬೆಲೆ ಆಗ ತಿಳಿಯಲಿಲ್ಲ. ಈಗಲಾದರೂ ಪ್ರಯೋಗಾಲಯವನ್ನು ಅದರ ಯಂತ್ರಗಳ ಬೆಲೆಯಿಂದ ಅಳೆಯುವುದನ್ನು ಬಿಟ್ಟು, ಅಲ್ಲಿ ಈ ವಾರ ಯಾವ ಪ್ರಶ್ನೆ ಕೇಳಿದರು ಎಂದು ವಿಚಾರಿಸಬೇಕು.