ಇಪ್ಪತ್ತು ಸಾವಿರದ ಫೋನಿಗಿಂತ ಸಾವಿರದ ಪವರ್ ಬ್ಯಾಂಕ್ ಲೇಸು

ಹಿಂಗಾರಿ ಕಡಲೆ ಕಿತ್ತು ಹೊಲದಲ್ಲೇ ಒಣಗಲು ಬಿಟ್ಟಿದ್ದೆವು. ಯಲಬುರ್ಗಾ ಕಡೆಯ ಎರೆ ಹೊಲ, ಊರಿಂದ ಎರಡೂವರೆ ಕಿಲೋಮೀಟರ್. ಇನ್ನೆರಡು ದಿನ ಬಿಸಿಲು ಬಿದ್ದರೆ ಮಷಿನ್ ತರಿಸಿ ರಾಶಿ ಮಾಡೋದು ಅಂತ ಲೆಕ್ಕ ಹಾಕಿದ್ದೆ. ಅವತ್ತು ರಾತ್ರಿ ಹತ್ತರ ಸುಮಾರಿಗೆ ಗಾಳಿ ಎದ್ದಿತು, ಕರೆಂಟು ಹೋಯಿತು, ಹಿಂದೆಯೇ ಆಲಿಕಲ್ಲು ಮಳೆ. ಬೆಳಗ್ಗೆ ಹೋಗಿ ನೋಡಿದರೆ ಕಡಲೆ ನೀರಲ್ಲಿ ತೇಲುತ್ತಿತ್ತು. ಫೋನ್ ತೆಗೆದೆ. 3 ಪರ್ಸೆಂಟ್. ಕ್ಯಾಮೆರಾ ತೆರೆಯುವಷ್ಟರಲ್ಲಿ ಬಂದ್ ಆಯಿತು.

ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲು ಮಾಡಿ ಹೊಲದಲ್ಲಿ ಒಣಗಲು ಬಿಟ್ಟ ಬೆಳೆ ಅಕಾಲಿಕ ಮಳೆಗೆ, ಆಲಿಕಲ್ಲಿಗೆ ಹಾಳಾದರೂ 14 ದಿನದವರೆಗೆ ಪರಿಹಾರ ಕೇಳಲು ಅವಕಾಶವಿದೆ. ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಕಂಬ ಉರುಳಿದ್ದರಿಂದ ನಮ್ಮೂರಿಗೆ ಎರಡು ದಿನ ಕರೆಂಟಿಲ್ಲ. ಊರಿನಲ್ಲಿ ಯಾರ ಫೋನು ನೋಡಿದರೂ ಸತ್ತು ಬಿದ್ದಿದೆ. ಮೂರನೇ ದಿನ ಯಲಬುರ್ಗಾಕ್ಕೆ ಬೈಕ್ ಹೊಡೆದು, ಒಂದು ಚಾದಂಗಡಿಯಲ್ಲಿ ಫೋನ್ ಚಾರ್ಜಿಗಿಟ್ಟು, ಎರಡು ಚಾ ಕುಡಿದು, ಆಮೇಲೆ ದೂರು ದಾಖಲಿಸಿದೆ. ಹೆಂಗೋ ಹೊತ್ತಿಗೆ ಮುಟ್ಟಿತು. ಆದರೆ ಬೆಳೆ ನೀರಲ್ಲಿ ತೇಲುತ್ತಿದ್ದ ಆ ಮೊದಲ ಬೆಳಗಿನ ಫೋಟೊ ನನ್ನ ಬಳಿ ಇರಲಿಲ್ಲ. ನೀರು ಇಂಗಿದ ಮೇಲೆ ತೆಗೆದ ಫೋಟೊದಲ್ಲಿ ಕಡಲೆ ಸ್ವಲ್ಪ ಕಪ್ಪಗೆ ಕಾಣಿಸುತ್ತಿತ್ತು, ಅಷ್ಟೇ.

ಈ ಕಥೆ ಹೇಳಿದ ಕೂಡಲೇ ಕುಷ್ಟಗಿಯ ನನ್ನ ದೋಸ್ತ ಅಂದ: "ಲೇ, ಆ ಫೋನ್ ಒಗಿ ಅತ್ಲಾಗ. 7000 ಎಂಎಎಚ್ ಬ್ಯಾಟರಿದು ಬಂದಾವ. ನಂದು ನೋಡು, ಎರಡು ದಿನ ಅಲ್ಲಾಡಂಗಿಲ್ಲ." ಇಪ್ಪತ್ತು ಸಾವಿರ ಕೊಟ್ಟು ತಂದಿದ್ದಾನೆ, ಕಂತಿನ ಮೇಲೆ. ನಾನು ಬೇರೆ ದಾರಿ ಹಿಡಿದೆ. ಅದನ್ನೇ ಸರಿ ಅಂತ ಈಗಲೂ ವಾದ ಮಾಡುತ್ತೇನೆ.

ದೊಡ್ಡ ಬ್ಯಾಟರಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಳೇ ಫೋನ್ ನಿಜವಾಗಿಯೂ ಕೆಟ್ಟು ಹೊಸದು ತಗೊಳ್ಳುವ ಹೊತ್ತು ಬಂದಿದ್ದರೆ 6000ಕ್ಕೆ ಮೇಲಿನದನ್ನೇ ನೋಡಿ. ಆದರೆ ಬರೇ ಚಾರ್ಜ್ ನಿಲ್ಲುವುದಿಲ್ಲ ಅಂತ ಚೆನ್ನಾಗಿ ನಡೆಯುವ ಫೋನ್ ಬಿಸಾಡಿ ಇಪ್ಪತ್ತು ಸಾವಿರ ಸುರಿಯುವುದು ಬೋರಿನ ಮೋಟರ್ ಸುಟ್ಟಿತು ಅಂತ ಹೊಸ ಬೋರ್ ಕೊರೆಸಿದ ಹಾಗೆ. ಎರಡು-ಮೂರು ವರ್ಷ ಬಳಸಿದ ಫೋನಿನಲ್ಲಿ ಸವೆದಿರೋದು ಬ್ಯಾಟರಿ ಮಾತ್ರ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅದನ್ನು ಬದಲಿಸಿಕೊಡುತ್ತಾರೆ. ಹೊಸ ಫೋನಿನ ದುಡ್ಡಿನಲ್ಲಿ ಅದು ಸಣ್ಣ ಪಾಲು. 2003ರಲ್ಲಿ ಬಂದ ಟಾರ್ಚಿನ ನೋಕಿಯಾ 1100 ನಿಮ್ಮ ಅಪ್ಪಂದಿರ ಕೈಯಲ್ಲಿ ಇದ್ದಿರಬೇಕು. ಅದರ ಬ್ಯಾಟರಿ ಬರೇ 850 ಎಂಎಎಚ್. ಉಗುರಿನಿಂದ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬದಲಿಸುತ್ತಿದ್ದರು. ಈಗ ಅಂಟು ಹಾಕಿ ಮುಚ್ಚಿರೋದರಿಂದ ಬ್ಯಾಟರಿ ಹೋದರೆ ಫೋನೇ ಹೋಯಿತು ಅಂತ ನಮಗೆ ಅನಿಸುತ್ತದೆ. ಯುರೋಪಿನಲ್ಲಿ 2027ರ ಫೆಬ್ರುವರಿಯಿಂದ ಫೋನಿನ ಬ್ಯಾಟರಿ ಗಿರಾಕಿಯೇ ಬದಲಿಸುವಂತಿರಬೇಕು ಅಂತ ಕಾನೂನು ಮಾಡಿದ್ದಾರೆ. ನಮ್ಮಲ್ಲೂ ಅಂಥದ್ದು ಬರಬೇಕು.

ಇನ್ನೊಂದು ಸಂಗತಿ. ದೊಡ್ಡ ಬ್ಯಾಟರಿ ಫೋನು ಮುಗಿದರೆ ಮುಗಿಯಿತು. ಅದರ ಚಾರ್ಜು ಮನೆಯ ಉಳಿದವರಿಗೆ ಸಲೀಸಾಗಿ ಒದಗುವುದಿಲ್ಲ. ಪವರ್ ಬ್ಯಾಂಕ್ ಆದರೆ ಅವ್ವನ ಫೋನಿಗೂ ಆಗುತ್ತದೆ, ತಮ್ಮನ ಫೋನಿಗೂ ಆಗುತ್ತದೆ, ಪಕ್ಕದ ಹೊಲದವನಿಗೂ ಆಗುತ್ತದೆ.

ಆದರೆ ಪವರ್ ಬ್ಯಾಂಕಿನಲ್ಲೂ ಮೋಸ ಹೋಗುವುದುಂಟು. ನಾನೇ ಹೋಗಿದ್ದೇನೆ. ಒಂದು ಜಾತ್ರೆಯಲ್ಲಿ ತಳ್ಳುಗಾಡಿಯವನ ಹತ್ತಿರ ಮುನ್ನೂರು ರೂಪಾಯಿಗೆ "50,000 ಎಂಎಎಚ್" ಅಂತ ಬರೆದದ್ದು ತಂದೆ. ಹಿಂದೆ ಅಂಗೈಯಗಲದ ಸೋಲಾರ್ ಪ್ಲೇಟು ಬೇರೆ. ಫೋನ್ ಅರ್ಧ ತುಂಬುವಷ್ಟರಲ್ಲಿ ಸುಸ್ತಾಯಿತು. ಗೊತ್ತಿದ್ದ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಒಳಗೆ ಕೆಲಸ ಮಾಡುವ ಸೆಲ್ ಒಂದೇ. ಉಳಿದವು ಬರೇ ತೂಕಕ್ಕೆ. (ನೀವು ಬಿಚ್ಚೋಕೆ ಹೋಗಬೇಡಿ. ಲಿಥಿಯಂ ಸೆಲ್ಲಿಗೆ ಸ್ಕ್ರೂಡ್ರೈವರ್ ತಾಗಿದರೆ ಬೆಂಕಿ ಏಳುತ್ತದೆ.)

ಒಳ್ಳೆಯದರಲ್ಲೂ ಒಂದು ಲೆಕ್ಕ ತಿಳಿದಿರಬೇಕು. ಗಂಗಾವತಿ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಕ್ವಿಂಟಲ್ ಭತ್ತ ಮಿಲ್ಲಿಗೆ ಹಾಕಿದರೆ ಒಂದು ಕ್ವಿಂಟಲ್ ಅಕ್ಕಿ ಬರುತ್ತದೇನು? ಹೊಟ್ಟು, ತೌಡು ಹೋಗಿ ಅರವತ್ತು-ಅರವತ್ತೈದು ಕೆಜಿ ಬಂದರೆ ಖುಷಿ. ಪವರ್ ಬ್ಯಾಂಕೂ ಹಾಗೇ. ಮೇಲೆ 10,000 ಎಂಎಎಚ್ ಅಂತ ದೊಡ್ಡ ಅಕ್ಷರದಲ್ಲಿ ಇರುವುದು ಭತ್ತ. ಒಳಗಿನ ಸೆಲ್ 3.7 ವೋಲ್ಟಿನದು, ಹೊರಗೆ ಕೊಡುವಾಗ 5 ವೋಲ್ಟಿಗೆ ಏರಿಸಬೇಕು, ಅದರಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ "ರೇಟೆಡ್ ಕೆಪಾಸಿಟಿ" ಅಂತ 6000ದ ಆಸುಪಾಸು ಒಂದು ಅಂಕಿ ಇರುತ್ತದೆ. ಅದು ಅಕ್ಕಿ. 5000 ಎಂಎಎಚ್ ಫೋನನ್ನು ಒಂದು ಸಲ ಪೂರ್ತಿ, ಮತ್ತೆ ಅರ್ಧದ ಹತ್ತಿರಕ್ಕೆ ತುಂಬಿಸುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಸಾವಿರದಿಂದ ಒಂದೂವರೆ ಸಾವಿರದೊಳಗೆ ಬಿಲ್ ಸಮೇತ ಸಿಗುತ್ತದೆ. ಸಣ್ಣ ಅಕ್ಷರದ ಆ ಅಂಕಿ ಮತ್ತು ಬಿಐಎಸ್ ಗುರುತು ಎರಡೂ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ.

ಸೋಲಾರ್ ಪ್ಲೇಟು ಅಂಟಿಸಿದ ಪವರ್ ಬ್ಯಾಂಕ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಮ್ಮ ಕಡೆ ಬಿಸಿಲಿಗೇನು ಬರ, ಪುಕ್ಕಟೆ ಚಾರ್ಜ್ ಆಗುತ್ತದಲ್ಲ ಅಂತ. ಆಗೂದಿಲ್ಲ. ಆ ಅಂಗೈಯಗಲದ ಪ್ಲೇಟು ಒಂದು-ಒಂದೂವರೆ ವ್ಯಾಟ್ ಕೊಟ್ಟರೆ ದೊಡ್ಡದು. 10,000 ಎಂಎಎಚ್ ಅಂದರೆ 37 ವ್ಯಾಟ್-ಅವರ್. ತುಂಬಲು ಐದಾರು ದಿನ ಸುಡುಬಿಸಿಲಲ್ಲಿ ಇಡಬೇಕು. ಅಷ್ಟರಲ್ಲಿ ಒಳಗಿನ ಸೆಲ್ ಬೆಂದು ಹೋಗುತ್ತದೆ. ಕುರಿ ಮೇಯಿಸುತ್ತ ಹೊಲದಿಂದ ಹೊಲಕ್ಕೆ ಬರುವ ಕುರಿಗಾಹಿಗಳನ್ನು ನೋಡಿ ನಾನು ಕಲಿತೆ. ಅವರು ಬೇರೆಯದೇ ಪ್ಲೇಟು ಇಟ್ಟುಕೊಂಡು ಅದನ್ನು ಬಿಸಿಲಿಗೆ ಹಾಕಿ, ವೈರ್ ಎಳೆದು ಫೋನನ್ನು ಕಂಬಳಿಯ ನೆರಳಲ್ಲಿ ಇಡುತ್ತಾರೆ. ಪ್ಲೇಟು ಬಿಸಿಲಿಗೆ, ಬ್ಯಾಟರಿ ನೆರಳಿಗೆ. ಸರಿಯಾದ ಪದ್ಧತಿ ಅದು.

ನಮ್ಮ ಜಿಲ್ಲೆಯಲ್ಲಿ ಬ್ಯಾಟರಿ ಕೊಲ್ಲುವುದು ಬಿಸಿಲೇ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಬಿಸಿ ಇದ್ದಾಗ ಚಾರ್ಜ್ ಮಾಡಬಾರದು. ಮೇ ತಿಂಗಳಲ್ಲಿ ನೆರಳಿನಲ್ಲೇ 40 ಇರುತ್ತದೆ. ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ, ಬೈಕಿನ ಹ್ಯಾಂಡಲಿಗೆ, ತಗಡಿನ ಶೆಡ್ಡಿನ ಕಿಟಕಿಯಲ್ಲಿ ಫೋನ್ ಇಟ್ಟು ಚಾರ್ಜ್ ಮಾಡಿದರೆ ಒಂದು ಬೇಸಿಗೆಯಲ್ಲಿ ಬ್ಯಾಟರಿ ಮುದಿಯಾಗುತ್ತದೆ. ಬುತ್ತಿ ಗಂಟು ಎಲ್ಲಿ ಇಡುತ್ತೀರೋ ಫೋನನ್ನೂ ಅಲ್ಲೇ ಇಡಿ. ಬೇವಿನ ಗಿಡದ ಬುಡಕ್ಕೆ. ದೋಸ್ತನ 7000ದ ಫೋನೂ ಬೈಕಿನ ಮೇಲೆ ಸುಡುತ್ತಿರುತ್ತದೆ, ಹೇಳಿದರೆ ಕೇಳುವುದಿಲ್ಲ.

ಸೆಟ್ಟಿಂಗ್ ವಿಚಾರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದೇ ಮಾತು: ಸಿಗ್ನಲ್ ಇಲ್ಲದ ಹೊಲದಲ್ಲಿ ಫೋನು ಟವರ್ ಹುಡುಕಿ ಹುಡುಕಿಯೇ ಅರ್ಧ ಚಾರ್ಜ್ ತಿನ್ನುತ್ತದೆ. ಅಲ್ಲಿ ಫ್ಲೈಟ್ ಮೋಡ್ ಹಾಕಿ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಫೋಟೊ ಹಾಕುವ ದಿನ ಜಿಪಿಎಸ್, ಕ್ಯಾಮೆರಾ, ಬಿಸಿಲಿಗೆ ಪೂರ್ತಿ ಏರಿಸಿದ ಬ್ರೈಟ್‌ನೆಸ್ ಮೂರೂ ಒಟ್ಟಿಗೆ ಓಡುತ್ತವೆ. ಅವತ್ತು ಪವರ್ ಬ್ಯಾಂಕ್ ಕಿಸೆಯಲ್ಲಿರಲಿ.

ಪವರ್ ಬ್ಯಾಂಕೂ ಇಲ್ಲದಿದ್ದರೆ? ನಿಮ್ಮ ಬೆನ್ನ ಮೇಲೇ ಒಂದಿದೆ. ಬ್ಯಾಟರಿ ಸ್ಪ್ರೇ ಪಂಪಿನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್-ಅವರಿನ ಬ್ಯಾಟರಿ ಇರುತ್ತದೆ. ಅಂದರೆ 96 ವ್ಯಾಟ್-ಅವರ್, ಪವರ್ ಬ್ಯಾಂಕಿನ ಎರಡೂವರೆ ಪಟ್ಟು. ಕಾರಿಗೆ ಹಾಕುವ 12 ವೋಲ್ಟಿನ ಯುಎಸ್‌ಬಿ ಚಾರ್ಜರ್ ಒಂದನ್ನು ಎಲೆಕ್ಟ್ರಿಕಲ್ ಅಂಗಡಿಯವನ ಕೈಲಿ ಕ್ಲಿಪ್ ಹಾಕಿಸಿ ಇಟ್ಟುಕೊಂಡರೆ ಟ್ರ್ಯಾಕ್ಟರ್ ಬ್ಯಾಟರಿಗೂ ಆಗುತ್ತದೆ, ಪಂಪಿಗೂ ಆಗುತ್ತದೆ. ವೈರನ್ನು ನೇರವಾಗಿ ಫೋನಿಗೆ ಕೊಡಬೇಡಿ, ಫೋನ್ ಸುಟ್ಟೇ ಹೋಗುತ್ತದೆ. ಆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಲೂ ಬೇಡಿ. ಔಷಧ ಹೊಡೆದ ಪಂಪು ಮುಟ್ಟಿದ ಕೈಯಲ್ಲಿ ಫೋನ್ ಹಿಡಿಯುವ ಮೊದಲು ಸೋಪು ಹಾಕಿ ಕೈ ತೊಳೀರಿ. ಅದೇ ಫೋನನ್ನು ಸಂಜೆ ಮಗು ಬಾಯಿಗೆ ಇಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ನಮಗೆ ಫೋನ್ ಬೇಕಾಗುವ ಹೊತ್ತು ಮತ್ತು ಕರೆಂಟು ಹೋಗುವ ಹೊತ್ತು ಒಂದೇ. ಗುಡುಗು ಬರುವಾಗ ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ ದಾಮಿನಿ ಆ್ಯಪು ನೀವಿದ್ದ ಜಾಗದ ಸುತ್ತ 20-40 ಕಿಲೋಮೀಟರಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಆದರೆ ಗುಡುಗಿನ ಮೊದಲ ಗಾಳಿಗೇ ಲೈನ್ ಹೋಗಿರುತ್ತದೆ. ನಡುರಾತ್ರಿ ತ್ರೀಫೇಸ್ ಬಂದಾಗ ಮೊಬೈಲ್ ಸ್ಟಾರ್ಟರಿಗೆ ಫೋನ್ ಹಚ್ಚಿದರೆ ಮೋಟರ್ ಚಾಲೂ ಆಗುತ್ತದೆ. ಫೋನ್ ಸತ್ತಿದ್ದರೆ ಕತ್ತಲಲ್ಲಿ ಹಾವು-ಚೇಳಿನ ನಡುವೆ ನಡೆದುಕೊಂಡೇ ಹೋಗಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿ ಕಡೆ ನದಿ ದಂಡೆಗೆ ಗದ್ದೆ ಇರುವ ನನ್ನ ಭಾವನಿಗೆ ಸುದ್ದಿ ಬಂದದ್ದು ಫೋನಿನಲ್ಲೇ. ವಾಟ್ಸ್ಆ್ಯಪಿನಲ್ಲಿ ಒಬ್ಬ ಡ್ಯಾಮೇ ಒಡೆಯಿತು ಅಂತಾನೆ, ಇನ್ನೊಬ್ಬ ಏನೂ ಆಗಿಲ್ಲ ಅಂತಾನೆ. ನಿಜ ಯಾವುದು ಅಂತ ನಾಲ್ಕು ಕಡೆ ಫೋನ್ ಮಾಡಿ ಕೇಳಬೇಕು, ದನ ಬಿಚ್ಚಬೇಕೋ ಬೇಡವೋ ತೀರ್ಮಾನ ಮಾಡಬೇಕು. "ಒಂಬತ್ತು ಪರ್ಸೆಂಟ್ ಇತ್ತಪಾ, ಜೀವ ಕೈಯಾಗ ಹಿಡಕೊಂಡು ಕುಂತಿದ್ದೆ" ಅಂತ ಮರುದಿನ ಹೇಳಿದ.

ನಮ್ಮ ಹೊಲದಲ್ಲಿ ನಿಂತು ನೋಡಿದರೆ ಗುಡ್ಡದ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು ತಿರುಗುತ್ತಿರುತ್ತವೆ. ಕರೆಂಟು ನಮ್ಮ ತಲೆಯ ಮೇಲೇ ಹುಟ್ಟುತ್ತದೆ, ನಮ್ಮ ಕಿಸೆಗೆ ಬರುವುದಿಲ್ಲ. ಅದರ ಜಗಳ ಬೇರೆ ದಿನ ಆಡೋಣ.

ಈಗ ನಮ್ಮ ಮನೆಯಲ್ಲಿ ಟಾರ್ಚ್ ತೂಗುಹಾಕುವ ಮೊಳೆಗೇ ಒಂದು ಚೀಲ ಹಾಕಿ ಪವರ್ ಬ್ಯಾಂಕ್ ಇಟ್ಟಿದ್ದೇನೆ. ಬಳಸದಿದ್ದರೂ ಎರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತೇನೆ. ಮಳೆಗಾಲದಲ್ಲಿ ಪ್ರತಿ ವಾರ. ಉಬ್ಬಿದೆಯೇನೋ ಅಂತ ಬೆರಳಾಡಿಸಿ ನೋಡುತ್ತೇನೆ. ಉಬ್ಬಿದರೆ ಮನೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಬೆಳೆವಿಮೆಯ ಸಹಾಯವಾಣಿ 14447 ಅದರ ಮೇಲೆ ಪೆನ್ನಿನಿಂದ ಬರೆದಿದ್ದೇನೆ. ಮೊನ್ನೆ ಮೋಡ ಕವಿದಾಗ ಹುಡುಕಿದರೆ ಚೀಲ ಖಾಲಿ. ಅವ್ವ ತವರಿಗೆ ಒಯ್ದಿದ್ದಳು. ಇನ್ನೊಂದು ತರಬೇಕು.