‘ವಿಕಟಕವಿ’ಯೂ ನಮ್ಮ ಡೇಟಾ ಸ್ಟ್ರಕ್ಚರ್ಸ್ ಪಾಠವೂ

ಕಂಪ್ಯೂಟರ್ ಸೈನ್ಸ್ ಓದುವ ನಮ್ಮನ್ನು ಕಂಡರೆ ಕಲಾ ವಿಭಾಗದ ಮಿತ್ರರಿಗೆ ಒಂದು ಬಗೆಯ ಗೌರವವೂ, ಅದಕ್ಕಿಂತ ಹೆಚ್ಚಾಗಿ ಒಂದು ಬಗೆಯ ಅನುಮಾನವೂ ಉಂಟು. ಗೌರವವೇತಕ್ಕೆಂದು ನಾನರಿಯೆ. ಅನುಮಾನಕ್ಕೆ ಮಾತ್ರ ಕಾರಣವಿದೆಯೆಂದು ತೋರುತ್ತದೆ. ನೀವು ಕಲಿತದ್ದೇನೆಂದು ಅವರು ಕೇಳಿದರೆ ನಾಲ್ಕಾರು ಪ್ರೋಗ್ರಾಮಿಂಗ್ ಭಾಷೆಗಳ ಹೆಸರು ಹೇಳಿ ತೆಪ್ಪಗಾಗುತ್ತೇವೆ. ಡೇಟಾ ಸ್ಟ್ರಕ್ಚರ್ಸ್ ಎಂಬ ಒಂದೇ ವಿಷಯವನ್ನು ತೆಗೆದುಕೊಂಡು, ಅದನ್ನು ನಾವು ಓದುತ್ತಿರುವ ಕ್ರಮ ಸರಿಯಲ್ಲವೆಂದು ಹೇಳುವುದೇ ಈ ಲೇಖನದ ಉದ್ದೇಶ.

ವಿಷಯವೇನೋ ಕಠಿನವಾದುದಲ್ಲ. ಸಂಗ್ರಹಿಸಿದ ಮಾಹಿತಿಯನ್ನು ಯಂತ್ರದ ಸ್ಮರಣೆಯಲ್ಲಿ ಯಾವ ಏರ್ಪಾಟಿನಿಂದಿಟ್ಟರೆ ಯಾವ ಕೆಲಸ ಸುಲಭವಾಗುತ್ತದೆ ಎಂಬ ವಿಚಾರವಷ್ಟೆ. ಸಾವಿರ ಹೆಸರುಗಳ ಪಟ್ಟಿಯೊಂದಿದೆಯೆನ್ನಿ. ಕ್ರಮವಿಲ್ಲದೆ ಬರೆದಿದ್ದರೆ ಒಂದು ಹೆಸರನ್ನು ಹುಡುಕಲು ಸಾವಿರವನ್ನೂ ನೋಡಬೇಕಾಗಿ ಬರಬಹುದು. ಅಕಾರಾದಿಯಾಗಿ ಬರೆದಿದ್ದರೆ ನಡುವಿನ ಹೆಸರನ್ನು ನೋಡಿ, ಅರ್ಧ ಪಟ್ಟಿಯನ್ನು ಬಿಟ್ಟು, ಉಳಿದರ್ಧದ ನಡುವನ್ನು ನೋಡುತ್ತ ಹೋದರೆ ಹತ್ತೇ ನೋಟಗಳಲ್ಲಿ ಮುಗಿಯುತ್ತದೆ. ಹತ್ತು ಲಕ್ಷ ಹೆಸರುಗಳಿದ್ದರೂ 20 ನೋಟ ಸಾಕು! ಆದರೆ ಆ ಪಟ್ಟಿಯ ನಡುವೆ ಹೊಸದೊಂದು ಹೆಸರನ್ನು ಸೇರಿಸಬೇಕಾದರೆ ಕೆಳಗಿನವರೆಲ್ಲರನ್ನೂ ಒಂದೊಂದು ಸ್ಥಾನ ಸರಿಸಬೇಕು. ಲಿಂಕ್ಡ್ ಲಿಸ್ಟಿನಲ್ಲಿ, ಎಂದರೆ ಪ್ರತಿಯೊಬ್ಬನ ಕೈಯಲ್ಲೂ ಮುಂದಿನವನ ವಿಳಾಸವಿರುವ ಸರಪಳಿಯಲ್ಲಿ, ಸೇರಿಸುವುದು ಸಲೀಸು. ಆದರೆ ನೇರವಾಗಿ ನಡುವಿಗೆ ನೆಗೆಯಲಾಗುವುದಿಲ್ಲವಾದ್ದರಿಂದ ಅರ್ಧಿಸಿ ಹುಡುಕುವ ಸೌಕರ್ಯ ತಪ್ಪುತ್ತದೆ. ಈ ಎರಡು ಅನುಕೂಲಗಳನ್ನೂ ಒಂದೇ ಕಡೆ ತರಲು 1962ರಲ್ಲಿ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲಾಂಡಿಸ್ ತಾನೇ ತೂಕ ಸರಿಮಾಡಿಕೊಳ್ಳುವ ಒಂದು ವೃಕ್ಷವನ್ನು ಕಲ್ಪಿಸಿದರು. ಎಂಥ ಸೊಗಸಾದ ಕಲ್ಪನೆ! ನಾವಾದರೋ ಅದರ ನಾಲ್ಕು ತಿರುವುಗಳ ಹೆಸರುಗಳನ್ನು ಮಗ್ಗಿಯಂತೆ ಉರುಹೊಡೆದು, ಐದು ಅಂಕಗಳಿಗೆ ಒಪ್ಪಿಸಿ, ಮರುದಿನ ಮರೆಯುತ್ತೇವೆ.

ಇದಕ್ಕೆಲ್ಲ ಮೂಲ ನಮ್ಮ ರೆಕಾರ್ಡ್ ಪುಸ್ತಕ. ಹಿಂದಿನ ವರ್ಷದ ಅಣ್ಣಂದಿರ ರೆಕಾರ್ಡಿನಿಂದ ಈ ವರ್ಷದ ರೆಕಾರ್ಡು ಹುಟ್ಟುತ್ತದೆ. ಅವರದು ಅವರ ಹಿಂದಿನವರಿಂದ. ಅಲ್ಪವಿರಾಮವೊಂದು ತಪ್ಪಿದ್ದರೆ ಆ ತಪ್ಪೂ ವಂಶಪಾರಂಪರ್ಯವಾಗಿ ಇಳಿದು ಬರುತ್ತದೆ.

ಆ ಪುಸ್ತಕದಲ್ಲಿ ಸ್ಟ್ಯಾಕನ್ನು ಉಪಯೋಗಿಸಿ ಒಂದು ಪದ ಹಿಂದುಮುಂದಾಗಿ ಓದಿದರೂ ಒಂದೇ ಆಗಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮು ಒಂದಿದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಕ್ಷರಗಳನ್ನು ಪೇರಿಸಿ, ಮೇಲಿನಿಂದ ತೆಗೆಯುತ್ತ ಮೂಲಪದದೊಡನೆ ಹೋಲಿಸುವುದು ಅದರ ಕ್ರಮ. (ತಟ್ಟೆಗಳ ಉಪಮೆಯನ್ನು ಬಿಟ್ಟು ಬೇರೊಂದನ್ನು ಹೇಳಿದ ಪುಸ್ತಕವನ್ನು ನಾನು ಇನ್ನೂ ಕಂಡಿಲ್ಲ.) ಎಲ್ಲರೂ ಕೊಡುವ ಉದಾಹರಣೆ ‘ಮೇಡಮ್’ ಎಂಬ ಇಂಗ್ಲಿಷ್ ಪದ. ನಮ್ಮಲ್ಲಿ ಮಗುವಿಗೂ ಗೊತ್ತಿರುವ ‘ವಿಕಟಕವಿ’ಯನ್ನು ಅದಕ್ಕೆ ಕೊಟ್ಟು ನೋಡಿ. ‘ಅಲ್ಲ’ ಎಂದು ಉತ್ತರ ಬರುತ್ತದೆ! ತೆನಾಲಿ ರಾಮನು ಇದ್ದಿದ್ದರೆ ಯಂತ್ರದ ಪಾಡೇನಾಗುತ್ತಿತ್ತೋ.

ಕಾರಣ ಸ್ವಾರಸ್ಯವಾಗಿದೆ. ನಮ್ಮ ಕಣ್ಣಿಗೆ ಆ ಪದದಲ್ಲಿ ಐದು ಅಕ್ಷರಗಳು: ವಿ, ಕ, ಟ, ಕ, ವಿ. ಯೂನಿಕೋಡ್ ಪದ್ಧತಿಯಲ್ಲಿ ‘ವ’ ಬೇರೆ, ಅದರ ಗುಡಿಸು ಬೇರೆ. ಆದ್ದರಿಂದ ಏಳು ಸಂಕೇತಗಳು. ಅವನ್ನು ಪೇರಿಸಿ ತೆಗೆದರೆ ಕೊನೆಯ ಗುಡಿಸು ಮೊದಲು ಕೈಗೆ ಬರುತ್ತದೆ, ‘ವ’ ಆಮೇಲೆ. ಹೋಲಿಕೆ ಮೊದಲ ಹೆಜ್ಜೆಯಲ್ಲೇ ಮುರಿಯುತ್ತದೆ. ವ್ಯಂಜನವನ್ನೂ ಅದರ ಗುಣಿತದ ಚಿಹ್ನೆಯನ್ನೂ ಒಂದೇ ಗಂಟಾಗಿ ಕಟ್ಟಿ ಪೇರಿಸಿದರೆ ಉತ್ತರ ಸರಿಯಾಗುತ್ತದೆ. ಒತ್ತಕ್ಷರಗಳಿದ್ದರೆ ಇನ್ನಷ್ಟು ಎಚ್ಚರ ಬೇಕು. ಇಲ್ಲಿ ಸ್ಟ್ಯಾಕ್ ಬದಲಾಗಲಿಲ್ಲ. ಅದರಲ್ಲಿಡುವ ಪದಾರ್ಥ ಬದಲಾಯಿತು. ಒಂದು ಪದಾರ್ಥವೆಂದರೆ ಯಾವುದು ಎಂಬ ಈ ಪ್ರಶ್ನೆಯೇ ಡೇಟಾ ಸ್ಟ್ರಕ್ಚರ್ಸಿನ ಮೊದಲ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ರೆಕಾರ್ಡಿನಲ್ಲಿ ಅದು ಎಲ್ಲಿಯೂ ಇಲ್ಲ.

ಇನ್ನೊಂದನ್ನು ನೋಡಿ. ಕವಿ, ಕಹಿ, ಕಳೆ: ಇದು ನಮ್ಮ ನಿಘಂಟಿನ ಕ್ರಮ, ‘ಳ’ಕಾರ ವರ್ಣಮಾಲೆಯ ಕೊನೆಯಲ್ಲಿದೆ. ಯೂನಿಕೋಡಿನಲ್ಲಿ ‘ಳ’ವನ್ನು ‘ಲ’ಕಾರದ ಪಕ್ಕದಲ್ಲಿ, ‘ವ’ಕಾರಕ್ಕಿಂತ ಮೊದಲೇ ಕೂರಿಸಿದ್ದಾರೆ. ನಿಘಂಟಿನ ಕ್ರಮದಲ್ಲಿರುವ ಈ ಮೂರು ಪದಗಳಲ್ಲಿ ‘ಕಳೆ’ಯನ್ನು ಅರ್ಧಿಸಿ ಹುಡುಕಲು ಹೇಳಿ. ಯಂತ್ರವು ನಡುವಿನ ‘ಕಹಿ’ಯನ್ನು ನೋಡಿ, ‘ಕಳೆ’ ಅದಕ್ಕಿಂತ ಮೊದಲು ಬರತಕ್ಕದ್ದೆಂದು ಎಡಕ್ಕೆ ತಿರುಗಿ, ಅಲ್ಲಿ ‘ಕವಿ’ಯನ್ನು ಕಂಡು, ಅದಕ್ಕೂ ಮೊದಲೇ ಇರಬೇಕೆಂದು ಭಾವಿಸಿ, ‘ಪದವೇ ಇಲ್ಲ’ ಎಂದುಬಿಡುತ್ತದೆ. ಕಣ್ಣೆದುರಿಗಿದ್ದ ಪದ! ಪ್ರೋಗ್ರಾಮಿನಲ್ಲಿ ಒಂದು ಚುಕ್ಕಿಯೂ ತಪ್ಪಿಲ್ಲ. ಪಟ್ಟಿಯನ್ನು ಜೋಡಿಸಿದ ಕ್ರಮವೂ ಹುಡುಕುವ ಕ್ರಮವೂ ಒಂದೇ ಆಗಿರಬೇಕೆಂಬ ಕರಾರು ಮುರಿದಿದೆ, ಅಷ್ಟೆ. ಮತದಾರರ ಪಟ್ಟಿಯಲ್ಲೋ ಪಡಿತರ ಚೀಟಿಯ ಪಟ್ಟಿಯಲ್ಲೋ ಇಂಥದು ನಡೆದರೆ ಹೆಸರಿದ್ದೂ ಇಲ್ಲದವರಾಗುವವರು ಯಾರು?

ಇವೆಲ್ಲ ಈಗ ಸಿದ್ಧವಾಗಿ ದೊರೆಯುತ್ತವಲ್ಲ, ನಾವೇಕೆ ಕಲಿಯಬೇಕು ಎಂದು ಕೇಳುವ ಗೆಳೆಯರಿದ್ದಾರೆ. ಜಾವಾ ಭಾಷೆಯ ಸಿದ್ಧ ಭಂಡಾರದಲ್ಲಿದ್ದ ಇದೇ ಅರ್ಧಿಸುವ ಹುಡುಕಾಟದಲ್ಲಿ ಸುಮಾರು ಒಂಬತ್ತು ವರ್ಷ ಅಡಗಿದ್ದ ದೋಷವೊಂದು 2006ರಲ್ಲಿ ಬಯಲಿಗೆ ಬಂದಿತು. ಅದನ್ನು ಲೋಕಕ್ಕೆ ತಿಳಿಸಿದವರು ಅದನ್ನು ಬರೆದಿದ್ದ ಜಾಶುವಾ ಬ್ಲಾಕ್ ಅವರೇ. ಎರಡು ಸ್ಥಾನಸಂಖ್ಯೆಗಳನ್ನು ಕೂಡಿಸಿ ಅರ್ಧಮಾಡುವಾಗ ಮೊತ್ತವು 2,14,74,83,647ನ್ನು ಮೀರಿದರೆ ಅದು ಋಣಸಂಖ್ಯೆಯಾಗಿಬಿಡುತ್ತಿತ್ತು. ಕೃತಕ ಬುದ್ಧಿಮತ್ತೆಯು ಕೇಳಿದೊಡನೆ ಪ್ರೋಗ್ರಾಮನ್ನು ಬರೆದುಕೊಡುವುದಲ್ಲ ಎಂಬುದು ಇನ್ನೊಂದು ವಾದ. ನಿಜವೇ. ಆದರೆ ಅದರಿಂದ ಕೆಲಸ ಕಳೆದುಕೊಳ್ಳುವುದು ರೆಕಾರ್ಡ್ ನಕಲು ಮಾಡುವ ವಿದ್ಯೆ. ಬರೆದುಕೊಟ್ಟದ್ದು ‘ವಿಕಟಕವಿ’ಗೆ ಸಲ್ಲುವುದೋ ಇಲ್ಲವೋ ಎಂದು ಕೇಳುವವರು ಇನ್ನೂ ಬೇಕು.

ನನ್ನ ಮನಸ್ಸಿಗೆ ಹೆಚ್ಚು ನೋವನ್ನುಂಟುಮಾಡುವ ಸಂಗತಿ ಬೇರೆ. ನಮ್ಮ ತರಗತಿಯಲ್ಲಿ ಪಿ.ಯು.ಸಿ.ವರೆಗೆ ಕನ್ನಡದಲ್ಲೇ ಓದಿ ಬಂದ ಸಹಪಾಠಿಯೊಬ್ಬಳಿದ್ದಾಳೆ. ವೃತ್ತಾಕಾರದ ಕ್ಯೂ ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ಹೇಗೆ ತಿಳಿಯುವುದೆಂದು, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ನಮ್ಮೈವರಿಗೆ ಅವಳೇ ಬಿಡಿಸಿ ಹೇಳಿದಳು. ಮೌಖಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಾಗ ತಲೆ ತಗ್ಗಿಸಿ ನಿಂತಳು. ಅವಳಿಂದ ಕಲಿತ ನಾವೈವರೂ ತೇರ್ಗಡೆಯಾದೆವು. ಅವಳು ಆ ವಿಷಯವನ್ನು ಈಗ ಮೂರನೆಯ ಸಲ ಕಟ್ಟಿದ್ದಾಳೆ. ಇನ್ನೊಮ್ಮೆ ಹೋದರೆ ಮನೆಯಲ್ಲಿ ಓದು ಬಿಡಿಸುತ್ತಾರೆಂದು ಹೇಳುತ್ತಿದ್ದಾಳೆ. ಪರೀಕ್ಷೆಯು ಅಳೆದದ್ದು ಏನನ್ನು?

ಪಾರಿಭಾಷಿಕ ಪದಗಳನ್ನೆಲ್ಲ ಸಂಸ್ಕೃತಕ್ಕೆ ತಿರುಗಿಸಬೇಕೆಂಬ ಹಟ ನನಗಿಲ್ಲ. ಸ್ಟ್ಯಾಕು ಸ್ಟ್ಯಾಕೇ ಆಗಿರಲಿ. ವಿವರಣೆ ಮಾತ್ರ ವಿದ್ಯಾರ್ಥಿಯು ಬಲ್ಲ ನುಡಿಯಲ್ಲಿ ನಡೆಯಲಿ. ಮೌಖಿಕ ಪರೀಕ್ಷೆಯಲ್ಲಿ ಕನ್ನಡದ ಉತ್ತರಕ್ಕೆ ಪೂರ್ಣ ಅಂಕ ದೊರೆಯಲಿ. ರೆಕಾರ್ಡಿನ ಅರ್ಧ ಪ್ರೋಗ್ರಾಮುಗಳನ್ನು ಕೈಬಿಟ್ಟು, ಉಳಿದವನ್ನು ಕಾಗದದ ಮೇಲೆ ಹೆಜ್ಜೆಹೆಜ್ಜೆಯಾಗಿ ನಡೆಸಿ ತೋರಿಸಿದವರಿಗೆ ಆ ಅಂಕಗಳನ್ನು ಕೊಡಬಾರದೇಕೆ? ಮುಂದಿನ ವರ್ಷ ಎರಡು ಪ್ರೋಗ್ರಾಮುಗಳನ್ನಾದರೂ ಕನ್ನಡ ಪದಗಳ ಮೇಲೆ ಮಾಡಿಸಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಅಕ್ಷರವೆಂದರೇನೆಂಬುದನ್ನು ನಮಗೆ ಹೇಳಬಲ್ಲವರು ಕನ್ನಡ ವಿಭಾಗದ ಗುರುಗಳು. ಅವರು ಒಂದು ಗಂಟೆ ಬಿಡುವು ಮಾಡಿಕೊಂಡು ಲ್ಯಾಬಿಗೆ ಬರಬೇಕು. ಲ್ಯಾಬು ಮಹಡಿಯ ಮೇಲಿದೆ. ಚಪ್ಪಲಿಗಳನ್ನು ಬಾಗಿಲಲ್ಲಿ ಬಿಡಬೇಕಾಗುತ್ತದೆ.